ವೆನಿಲಿನ್: ಕಾರ್ಖಾನೆಯ ಪರಿಮಳ, ತೋಟದ ಲೆಕ್ಕಾಚಾರ

ಐಸ್‌ಕ್ರೀಂ, ಬಿಸ್ಕತ್ತು, ಚಾಕೊಲೇಟು ಮುಂತಾದ ತಿನಿಸುಗಳ ಹಿತವಾದ ಪರಿಮಳಕ್ಕೆ ಮುಖ್ಯ ಕಾರಣ ವೆನಿಲಿನ್ ಎಂಬ ವಸ್ತು. ವೆನಿಲ್ಲಾ ಬಳ್ಳಿಯ ಕೋಡುಗಳನ್ನು ಹದಗೊಳಿಸಿದಾಗ ಇದು ಸಹಜವಾಗಿ ಉಂಟಾಗುತ್ತದೆ. ಆದರೆ ಜಗತ್ತಿನಲ್ಲಿ ಬಳಕೆಯಾಗುವ ವೆನಿಲಿನ್‌ನಲ್ಲಿ ಕೋಡಿನಿಂದ ಬರುವುದು ಶೇಕಡ 1ಕ್ಕಿಂತ ಕಡಿಮೆ, ಉಳಿದದ್ದು ಕಾರ್ಖಾನೆಯದು. ಅಡಿಕೆ ತೋಟದಲ್ಲಿ ವೆನಿಲ್ಲಾ ಹಬ್ಬಿಸಬೇಕೆಂದಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರಿನ ರೈತರು ಈ ಸಂಗತಿಯನ್ನು ಮೊದಲು ತಿಳಿದಿರುವುದು ಅವಶ್ಯಕ.

ತಯಾರಿಕೆ ಮತ್ತು ಗುಣಗಳು

1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬ ರಸಾಯನ ವಿಜ್ಞಾನಿಗಳು ಇದನ್ನು ಕೃತಕವಾಗಿ ತಯಾರಿಸಿದರು. ಈಗ ಹೆಚ್ಚಿನ ಪಾಲನ್ನು ಪೆಟ್ರೋಲಿಯಂ ಮೂಲದ ಗ್ವಾಯಕಾಲ್‌ನಿಂದಲೂ, ಸ್ವಲ್ಪ ಭಾಗವನ್ನು ಮರದ ಲಿಗ್ನಿನ್‌ನಿಂದಲೂ ತಯಾರಿಸುತ್ತಾರೆ. ಇದು ಬಿಳಿಯ ಹರಳಿನ ಪುಡಿ. ಸುಮಾರು 81 ಡಿಗ್ರಿ ಸೆಂಟಿಗ್ರೇಡ್‌ನಲ್ಲಿ ಕರಗುತ್ತದೆ. ಗಾಳಿ, ಬೆಳಕಿಗೆ ತೆರೆದಿಟ್ಟರೆ ಕ್ರಮೇಣ ಕೆಡುವುದರಿಂದ ಮುಚ್ಚಿದ ಡಬ್ಬಿಯಲ್ಲಿಡಬೇಕು. ಕೋಡಿನ ವೆನಿಲಿನ್‌ಗೂ ಇದಕ್ಕೂ ರಚನೆಯಲ್ಲಿ ಭೇದವಿಲ್ಲ. ಆದರೆ ಕೋಡಿನಲ್ಲಿ ಇನ್ನೂ 200ಕ್ಕೂ ಹೆಚ್ಚು ಸುವಾಸನಾ ವಸ್ತುಗಳಿದ್ದು, ಅದರ ಪರಿಮಳ ಹೆಚ್ಚು ತುಂಬಿಕೊಂಡಿರುತ್ತದೆ.

ಸುರಕ್ಷಿತವೇ?

ಮಿತಿಯೊಳಗೆ ಸುರಕ್ಷಿತ. ವಿಶ್ವಸಂಸ್ಥೆಯ ತಜ್ಞರ ಸಮಿತಿ ಸೂಚಿಸಿರುವ ಮಿತಿ, ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ. ಅಂದರೆ 60 ಕಿಲೋ ತೂಕದವರಿಗೆ 600 ಮಿಲಿಗ್ರಾಂ. ತಿನಿಸಿಗೆ ಬೇಕಾಗುವುದು ಬಹಳ ಅಲ್ಪ. ಪುಡಿಯನ್ನು ನೇರವಾಗಿ ನಿರ್ವಹಿಸುವವರು ಕಣ್ಣಿಗೆ ಬೀಳದಂತೆ ಎಚ್ಚರ ವಹಿಸಬೇಕು.

ಬೆಲೆಯ ಪಾಠ

ಚೆನ್ನಾಗಿ ಹದಗೊಂಡ ಕೋಡಿನಲ್ಲಿ ವೆನಿಲಿನ್ ಸುಮಾರು ಶೇಕಡ 2 ಮಾತ್ರ. 1 ಕಿಲೋ ಹದ ಕೋಡಿಗೆ ಸುಮಾರು 6 ಕಿಲೋ ಹಸಿ ಕೋಡು ಬೇಕು. ಹೀಗೆ ಲೆಕ್ಕ ಹಾಕಿದರೆ, ಕಾರ್ಖಾನೆಯ 1 ಕಿಲೋ ಪುಡಿಯಲ್ಲಿರುವಷ್ಟು ವೆನಿಲಿನ್ ಪಡೆಯಲು ಸುಮಾರು 300 ಕಿಲೋ ಹಸಿ ಕೋಡು ಬೇಕಾಗುತ್ತದೆ.

2000ದ ಏಪ್ರಿಲ್‌ನಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಹುಡಾ ಚಂಡಮಾರುತ ಬಡಿದ ಮೇಲೆ ಕೋಡಿನ ಕೊರತೆಯುಂಟಾಯಿತು. 2003ರ ವೇಳೆಗೆ ನಮ್ಮಲ್ಲಿ ಹಸಿ ಕೋಡಿನ ಬೆಲೆ ಕಿಲೋಗೆ 3,000 ರೂಪಾಯಿ ಮೀರಿತು. ಮಲೆನಾಡು, ಕರಾವಳಿಯ ತೋಟಗಳಲ್ಲೆಲ್ಲ ಬಳ್ಳಿ ಹಬ್ಬಿತು. ಆದರೆ ಬೆಲೆ ಏರಿದಂತೆಲ್ಲ ಕೊಳ್ಳುವವರು ಕೃತಕ ಪುಡಿಗೆ ಹೊರಳಿದರು. ಮಡಗಾಸ್ಕರ್ ಫಸಲೂ ಚೇತರಿಸಿತು. ಕೆಲವೇ ವರ್ಷಗಳಲ್ಲಿ ಬೆಲೆ ನೂರು ರೂಪಾಯಿಯ ಆಸುಪಾಸಿಗೆ ಕುಸಿದು, ದುಬಾರಿ ಬಳ್ಳಿ ಕೊಂಡವರು ನಷ್ಟಕ್ಕೀಡಾದರು.

ರೈತರು ಗಮನಿಸಬೇಕಾದದ್ದು

1. ವೆನಿಲ್ಲಾಕ್ಕೆ ನೆರಳು, ತೇವದ ಹವೆ, ಹಂಚಿಕೆಯಾದ ಮಳೆ ಬೇಕು. ಜಗಳೂರಿನ ಒಣಹವೆ ಇದಕ್ಕೆ ಸೂಕ್ತವಲ್ಲ. ಕೊಳವೆಬಾವಿಯ ನೀರನ್ನು ಇದಕ್ಕೆ ಸುರಿಯಬೇಡಿ.

2. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ತಂಪು ತೋಟಗಳಲ್ಲಿ ಬೇಕಿದ್ದರೆ ಕೆಲವೇ ಬಳ್ಳಿ ಹಾಕಿ ನೋಡಿ. ಹೂ ಬರಲು ಸುಮಾರು ಮೂರು ವರ್ಷ ಬೇಕು. ಪ್ರತಿ ಹೂವಿಗೂ, ಅರಳಿದ ದಿನವೇ, ಕೈಯಿಂದ ಪರಾಗಸ್ಪರ್ಶ ಮಾಡಬೇಕು.

3. ಕೊಳ್ಳುವವರನ್ನು ಖಚಿತಪಡಿಸಿಕೊಳ್ಳದೆ, ಸಾಲ ಮಾಡಿ ವಿಸ್ತರಿಸಬೇಡಿ. ಇಂದಿನ ಬೆಲೆ ನೋಡಿ ನೆಟ್ಟ ಬಳ್ಳಿಗೆ ಸಿಗುವುದು ಮೂರು ವರ್ಷದ ನಂತರದ ಬೆಲೆ ಎಂಬುದನ್ನು ಮರೆಯಬಾರದು.