ಮೆಕ್ಸಿಕೋ ಖಾನಾವಳಿ: ರೊಟ್ಟಿ ರೇಟು ಏರಿತು, ರಾಜಧಾನಿ ಬೀದಿಗಿಳಿಯಿತು!

ಮೆಕ್ಸಿಕೋ ನಗರದಲ್ಲಿ ಮಧ್ಯಾಹ್ನದ ಊಟದ ಹೊತ್ತು ಎರಡು ಗಂಟೆಯ ಮೇಲೆ. ಆಗ ಯಾವುದೇ ಮಾರ್ಕೆಟ್ ಪಕ್ಕದ ಗಲ್ಲಿಗೆ ಹೋದರೂ ಒಂದು ಸಣ್ಣ ಹೋಟೆಲು ತುಂಬಿ ತುಳುಕುತ್ತಿರುತ್ತೆ. ಬಾಗಿಲಲ್ಲಿ ಬೋರ್ಡು, ಬೋರ್ಡಿನ ಮೇಲೆ ಇವತ್ತಿನ ಅಡುಗೆ, ಅದರ ಕೆಳಗೆ ರೇಟು. ಒಳಗೆ ನಾಲ್ಕಾರು ಮೇಜು. ಅಂಗಡಿಯವರು, ಗುಮಾಸ್ತರು, ಡ್ರೈವರುಗಳು ಮೊಣಕೈ ತಾಗಿಸಿಕೊಂಡು ಕೂತಿರುತ್ತಾರೆ. ಇದಕ್ಕೆ ಅಲ್ಲಿ ‘ಫೋಂಡಾ’ ಅಂತಾರೆ. ಹುಬ್ಬಳ್ಳಿ ಕಡೆ ಖಾನಾವಳಿ ಅಂತಾರಲ್ಲ, ಹೆಚ್ಚುಕಮ್ಮಿ ಅದೇ!

ಊಟದ ಹೆಸರು ‘ಕೊಮಿದಾ ಕೊರ್ರಿದಾ’. ಒಂದೇ ರೇಟು, ಸಾಲಾಗಿ ಬರುತ್ತೆ. ಮೊದಲು ಸೂಪು, ಆಮೇಲೆ ಅನ್ನ, ನಂತರ ಅವತ್ತಿನ ಮಾಂಸದ್ದೋ ತರಕಾರಿಯದ್ದೋ ಒಂದು ಅಡುಗೆ. ಪಕ್ಕದಲ್ಲಿ ರಾಜ್ಮಾ ಜಾತಿಯ ಬೇಯಿಸಿದ ಕಾಳು. ಕುಡಿಯಲು ಹಣ್ಣಿನ ಪಾನಕ. ಹುಣಸೆಹಣ್ಣಿನ ಪಾನಕವೂ ಉಂಟು. ಮೇಜಿನ ಮೇಲೆ ಮೆಣಸಿನಕಾಯಿ ಚಟ್ನಿ, ನಿಂಬೆ ಹೋಳು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಮೂಲ ತವರು ಅದೇ ದೇಶ, ಹಡಗು ಹತ್ತಿಸಿ ಇಲ್ಲಿಗೆ ತಂದವರು ಪೋರ್ಚುಗೀಸರು.

ಇಷ್ಟೆಲ್ಲ ಇದ್ದರೂ ಬಟ್ಟೆಯಲ್ಲಿ ಸುತ್ತಿದ ಬಿಸಿ ‘ಟೋರ್ಟಿಯಾ’ ಬಾರದೆ ಗಿರಾಕಿ ಕೈ ಹಾಕೋದಿಲ್ಲ. ಅದೇ ಅಲ್ಲಿಯ ಮೆಕ್ಕೆಜೋಳದ ರೊಟ್ಟಿ.

ಸುಣ್ಣದ ಗುಟ್ಟು

ಈ ರೊಟ್ಟಿಗೆ ಜೋಳವನ್ನು ಹಾಗೇ ಬೀಸುವಂತಿಲ್ಲ. ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಸಿಪ್ಪೆ ಹೋಗುವಂತೆ ತೊಳೆದು, ಹಸಿಯಾಗಿಯೇ ರುಬ್ಬಬೇಕು. ಸುಣ್ಣ ಸೇರಿದರೆ ಹಿಟ್ಟಿಗೆ ಅಂಟು ಬರುತ್ತೆ, ಜೋಳದಲ್ಲಿ ಅಡಗಿರುವ ಒಂದು ಜೀವಸತ್ವವೂ ಮೈಗೆ ಹತ್ತುತ್ತೆ. ಯುರೋಪಿನವರು ಜೋಳ ಒಯ್ದರು, ಸುಣ್ಣದ ಪಾಠ ಒಯ್ಯಲಿಲ್ಲ. ಉತ್ತರ ಇಟಲಿಯಲ್ಲಿ ಬರೀ ಜೋಳದ ಗಂಜಿ ತಿಂದ ಬಡವರು ‘ಪೆಲಾಗ್ರ’ ಎಂಬ ಚರ್ಮರೋಗ, ಬುದ್ಧಿಭ್ರಮೆಗೆ ತಲೆಮಾರುಗಟ್ಟಲೆ ಬಲಿಯಾದರು.

ಎಂಟೂವರೆ ಪೇಸೊ

ಟೋರ್ಟಿಯಾ ಅಲ್ಲಿ ಕಿಲೋ ಲೆಕ್ಕದಲ್ಲಿ ಮಾರಾಟ. 2007ರ ಜನವರಿಯಲ್ಲಿ ಅದರ ರೇಟು ಏಕಾಏಕಿ ಏರಿ ಕೆಲವೆಡೆ ಕಿಲೋಗೆ 10 ಪೇಸೊ ದಾಟಿತು. ಅಮೆರಿಕದಲ್ಲಿ ಜೋಳದಿಂದ ವಾಹನದ ಇಂಧನ ತೆಗೆಯುವ ಭರಾಟೆ, ಜೋಳಕ್ಕೆ ಎಲ್ಲೆಲ್ಲೂ ಬೆಲೆ. ದಾಸ್ತಾನುಗಾರರ ಮೇಲೂ ಜನರ ಕಣ್ಣು ಬಿತ್ತು.

ಫೋಂಡಾದವರ ಪಾಡು ಕೇಳಬೇಕೆ? ಬೋರ್ಡಿನ ರೇಟು ಏರಿಸಿದರೆ ದಿನದ ಗಿರಾಕಿ ತಪ್ಪುತ್ತಾನೆ, ಏರಿಸದಿದ್ದರೆ ಗಲ್ಲಾ ಖಾಲಿ. ಅಧ್ಯಕ್ಷ ಫೆಲಿಪೆ ಕಾಲ್ಡೆರೋನ್ ವ್ಯಾಪಾರಿಗಳನ್ನು ಕೂರಿಸಿ ಕಿಲೋಗೆ 8.50 ಪೇಸೊ ಎಂದು ಒಪ್ಪಂದ ಮಾಡಿಸಿದರು. ಆದರೂ ತಿಂಗಳ ಕೊನೆಗೆ ಹತ್ತಾರು ಸಾವಿರ ಜನ ರಾಜಧಾನಿಯಲ್ಲಿ ಮೆರವಣಿಗೆ ಹೊರಟರು. ರೊಟ್ಟಿಗಾಗಿ!

ಮರ್ಯಾದೆಗೇನೂ ಕಮ್ಮಿಯಿಲ್ಲ. 2010ರಲ್ಲಿ ಯುನೆಸ್ಕೊ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2024ರಲ್ಲಿ, ಟೋರ್ಟಿಯಾದಲ್ಲಿ ಮಾಂಸ ಸುತ್ತಿ ಕೊಡುವ ‘ಎಲ್ ಕಲೀಫಾ ದೆ ಲಿಯೋನ್’ ಎಂಬ ಪುಟ್ಟ ಅಂಗಡಿಗೆ ಮಿಶೆಲಿನ್ ನಕ್ಷತ್ರವೂ ಬಂತು. ಅಲ್ಲಿ ಗಿರಾಕಿಗಳು ನಿಂತೇ ತಿನ್ನಬೇಕು!

ಗಲ್ಲಿಯ ಫೋಂಡಾ ಗಿರಾಕಿಗೆ ನಕ್ಷತ್ರದ ಗೊಡವೆ ಬೇಕಿಲ್ಲ. ಬಟ್ಟೆಯೊಳಗಿನ ರೊಟ್ಟಿ ಬಿಸಿ ಇರಬೇಕು, ಬೋರ್ಡಿನ ಮೇಲೆ ನಿನ್ನೆಯ ರೇಟೇ ಇರಬೇಕು, ಅಷ್ಟೆ.