ಗಂಡೋ ಹೆಣ್ಣೋ: ಆರು ತಪ್ಪು ಕಲ್ಪನೆಗಳು

ವಾಷಿಂಗ್ಟನ್ ಸುತ್ತಮುತ್ತಲಿನವರ ‘ಕಾವೇರಿ’, ಅಟ್ಲಾಂಟಾದ ‘ನೃಪತುಂಗ’, ನಾರ್ತ್ ಕೆರೊಲಿನಾದ ‘ಸಂಪಿಗೆ’. ಯಾವ ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋದರೂ ವೀಸಾ, ಮನೆಸಾಲ, ಮಕ್ಕಳ ಕಾಲೇಜಿನ ಮಾತಿನ ನಡುವೆ ಈಗ ಇನ್ನೊಂದು ಸುದ್ದಿ ಪಿಸುದನಿಯಲ್ಲಿ ನುಸುಳಬಹುದು: ‘ಅವರ ಮಗಳು ತಾನು ಹೆಣ್ಣೂ ಅಲ್ಲ, ಗಂಡೂ ಅಲ್ಲ ಅಂತಾಳಂತೆ.’ ಸುದ್ದಿಯ ಬೆನ್ನಿಗೇ ತೀರ್ಪೂ ಹೊರಬೀಳುತ್ತದೆ. ಆ ತೀರ್ಪುಗಳ ಬುಡದಲ್ಲಿರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ‘ಇದು ಅಮೆರಿಕದ ಗಾಳಿ. ನಮ್ಮ ಕಡೆ ಇಂಥದ್ದೆಲ್ಲ ಇರಲಿಲ್ಲ.’

ಸತ್ಯ: ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಜಾತ್ರೆಗೆ ಹೋದವರು ಚೌಡಿಕೆ ನುಡಿಸುವ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿಯರನ್ನು ಕಂಡೇ ಇರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಗಂಡಾಗಿ ಹುಟ್ಟಿ, ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವರು. ಅಂಥವರಲ್ಲಿ ಒಬ್ಬರಾದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗು ಹಿಡಿದು ರಾಷ್ಟ್ರಪತಿಗೇ ದೃಷ್ಟಿ ತೆಗೆದರು. ಹಾಗೆಂದು ನಮ್ಮ ಪರಂಪರೆ ಉದಾರವಾಗಿತ್ತೆಂದು ಬೀಗಬೇಕಿಲ್ಲ. ಅದು ಇವರಿಗೆ ಜಾತ್ರೆಯಲ್ಲಿ ಜಾಗ ಕೊಟ್ಟಿತು, ಮನೆಯಲ್ಲಿ ಕೊಡಲಿಲ್ಲ. ಜೋಗ ಬೇಡಿಯೇ ಹೊಟ್ಟೆ ಹೊರೆಯಬೇಕಾಯಿತು. 2014ರ ಏಪ್ರಿಲ್ 15ರಂದು ಭಾರತದ ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಕಾನೂನಿನಲ್ಲಿ ಗುರುತಿಸಿತು. 2021ರಲ್ಲಿ ಕರ್ನಾಟಕವು ಸರ್ಕಾರಿ ನೇಮಕಾತಿಯಲ್ಲಿ ಇವರಿಗೆ ಶೇ. 1ರಷ್ಟು ಮೀಸಲಾತಿ ಕೊಟ್ಟಿತು.

ತಪ್ಪು ಕಲ್ಪನೆ 2: ‘ವರ್ಣತಂತು ಪರೀಕ್ಷೆ ಮಾಡಿದರೆ ಸಾಕು, ಗಂಡೋ ಹೆಣ್ಣೋ ತಿಳಿದುಹೋಗುತ್ತದೆ.’

ಸತ್ಯ: ಬಹುಪಾಲು ಜನರ ಮಟ್ಟಿಗೆ ಇದು ಸರಿ. ಎಲ್ಲರ ಮಟ್ಟಿಗೆ ಅಲ್ಲ ಎಂಬುದು ಅಟ್ಲಾಂಟಾದಲ್ಲೇ ರುಜುವಾತಾಗಿದೆ. 1996ರ ಒಲಿಂಪಿಕ್ಸ್‌ನಲ್ಲಿ 3,387 ಮಹಿಳಾ ಕ್ರೀಡಾಪಟುಗಳನ್ನು ಪರೀಕ್ಷಿಸಿದಾಗ ಎಂಟು ಮಂದಿಯಲ್ಲಿ, ಸಾಮಾನ್ಯವಾಗಿ ವೈ ವರ್ಣತಂತುವಿನಲ್ಲಿರುವ ಎಸ್‌ಆರ್‌ವೈ ಜೀನ್ ಸಿಕ್ಕಿತು. ಅವರಲ್ಲಿ ಏಳು ಮಂದಿಯ ದೇಹ ಪುರುಷ ಹಾರ್ಮೋನಿಗೆ ಪೂರ್ತಿಯಾಗಿಯೋ ಭಾಗಶಃವೋ ಸ್ಪಂದಿಸದು. ಹಾರ್ಮೋನು ಇದ್ದರೂ ಜೀವಕೋಶಗಳು ಅದರ ಸಂದೇಶ ಸ್ವೀಕರಿಸದಿದ್ದರೆ ದೇಹ ಹೊರನೋಟಕ್ಕೆ ಹೆಣ್ಣಿನಂತೆಯೇ ಬೆಳೆಯುತ್ತದೆ. ಎಂಟೂ ಮಂದಿಗೆ ಸ್ಪರ್ಧಿಸಲು ಅವಕಾಶ ಸಿಕ್ಕಿತು. 1999ರಲ್ಲಿ ಒಲಿಂಪಿಕ್ ಸಮಿತಿ ಎಲ್ಲರನ್ನೂ ಪರೀಕ್ಷಿಸುವ ಪದ್ಧತಿಯನ್ನೇ ಬಿಟ್ಟಿತು. 2025ರ ಸೆಪ್ಟೆಂಬರಿನಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಇದೇ ಜೀನ್ ಪರೀಕ್ಷೆಯನ್ನು ಮತ್ತೆ ತಂದಿದೆ. ಓಟದಲ್ಲಿ ಯಾವುದು ನ್ಯಾಯ ಎಂಬುದು ಬೇರೆ ಚರ್ಚೆ. ಆದರೆ ಒಂದು ಜೀನ್ ಇಡೀ ದೇಹದ ಕಥೆ ಹೇಳುವುದಿಲ್ಲ.

ಇನ್ನೊಂದು ಗೊಂದಲವೂ ಇಲ್ಲೇ ಬಗೆಹರಿಯಲಿ. ಇಂಟರ್‌ಸೆಕ್ಸ್ ಎಂಬುದು ದೇಹರಚನೆಯ ವಿಷಯ. ಟ್ರಾನ್ಸ್‌ಜೆಂಡರ್, ನಾನ್‌ಬೈನರಿ ಎಂಬುವು ನನ್ನನ್ನು ನಾನು ಏನೆಂದು ಅರಿತಿದ್ದೇನೆ ಎಂಬುದರ ವಿಷಯ. ಗೇ, ಲೆಸ್ಬಿಯನ್ ಎಂಬುದು ಯಾರ ಮೇಲೆ ಒಲವು ಎಂಬುದಕ್ಕೆ ಸಂಬಂಧಿಸಿದ್ದು. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲಾಗದು.

ತಪ್ಪು ಕಲ್ಪನೆ 3: ‘ಹೆಂಗಸರ ಕಣ್ಣು, ಮೂಗು, ಮಿದುಳು ಎಲ್ಲವೂ ಬೇರೆ. ಪ್ರಕೃತಿಯೇ ಎರಡು ಅಚ್ಚು ಮಾಡಿದೆ.’

ಸತ್ಯ: ವ್ಯತ್ಯಾಸಗಳು ಇವೆ. ಕೆಂಪು, ಹಸಿರು ಗುರುತಿಸುವ ಜೀನ್‌ಗಳು ಎಕ್ಸ್ ವರ್ಣತಂತುವಿನಲ್ಲಿವೆ. ಗಂಡಸಿಗೆ ಸಾಮಾನ್ಯವಾಗಿ ಇರುವುದು ಒಂದೇ ಎಕ್ಸ್. ಅದರಲ್ಲಿ ದೋಷವಿದ್ದರೆ ತುಂಬಿಕೊಡಲು ಇನ್ನೊಂದಿಲ್ಲ. ಹಾಗಾಗಿ ಯುರೋಪ್ ಮೂಲದವರಲ್ಲಿ 100 ಗಂಡಸರಲ್ಲಿ ಸುಮಾರು 8 ಮಂದಿಗೆ ಈ ಬಣ್ಣಗುರುಡು. ಹೆಂಗಸರಲ್ಲಿ 200ಕ್ಕೆ ಒಬ್ಬರಿಗೆ. ಅಂದರೆ ಉಳಿದ 92 ಗಂಡಸರಿಗೆ ಆ ದೋಷವಿಲ್ಲ. ವಾಸನೆ ಹಿಡಿಯುವುದರಲ್ಲಿ ಹೆಂಗಸರು ಸರಾಸರಿ ತುಸು ಮುಂದಿದ್ದಾರೆ. ಆದರೆ ಅಂತರ ಕಿರಿದು. ಒಲೆಯ ಮೇಲಿನ ಪಲ್ಯ ಸೀದದ್ದು ಗಂಡನಿಗೆ ಮೊದಲು ತಿಳಿಯುತ್ತದೋ ಹೆಂಡತಿಗೋ ಎಂದು ಅದರಿಂದ ಹೇಳಲಾಗದು.

ವಸ್ತುವೊಂದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಗಂಡಸರ ಸರಾಸರಿ ಹೆಚ್ಚು. ಇದೂ ಪೂರ್ತಿ ಹುಟ್ಟಿನಿಂದ ಬಂದದ್ದೇ? ಈಶಾನ್ಯ ಭಾರತದಲ್ಲಿ ಅಕ್ಕಪಕ್ಕ ಬಾಳುವ ಎರಡು ಬುಡಕಟ್ಟುಗಳ ಸುಮಾರು 1,300 ಮಂದಿಗೆ ತುಂಡು ಜೋಡಿಸುವ ಒಗಟು ಕೊಟ್ಟು ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ತಂದೆಯ ಕಡೆಯಿಂದ ಆಸ್ತಿ ಇಳಿಯುವ ಕಾರ್ಬಿಗಳಲ್ಲಿ ಗಂಡಸರು ಚುರುಕಾಗಿದ್ದರು. ತಾಯಿಯ ಕಡೆಯಿಂದ ಇಳಿಯುವ ಖಾಸಿಗಳಲ್ಲಿ ಆ ಅಂತರ ಕಾಣಲಿಲ್ಲ. ಓದು, ಮನೆಯ ಯಜಮಾನಿಕೆಗಳೂ ಕೌಶಲವನ್ನು ರೂಪಿಸುತ್ತವೆ ಎಂಬ ಸುಳಿವು ಇದು.

ಮಿದುಳಿನ ವಿಷಯವೂ ಹೀಗೇ. ಟೆಲ್ ಅವೀವ್‌ನ ಡಾಫ್ನಾ ಜೋಯೆಲ್ ಮತ್ತು ಸಂಗಡಿಗರು 1,400ಕ್ಕೂ ಹೆಚ್ಚು ಮಿದುಳುಗಳ ಸ್ಕ್ಯಾನ್ ನೋಡಿ 2015ರಲ್ಲಿ ಹೇಳಿದ್ದು: ಎಲ್ಲ ಭಾಗಗಳೂ ‘ಗಂಡು’ ತುದಿಯಲ್ಲೋ ‘ಹೆಣ್ಣು’ ತುದಿಯಲ್ಲೋ ಇರುವ ಮಿದುಳು ಅಪರೂಪ, ಹೆಚ್ಚಿನವು ಮಿಶ್ರಣ. ಹಲವು ಅಳತೆಗಳನ್ನು ಕೂಡಿಸಿ ಲೆಕ್ಕ ಹಾಕಿದರೆ ಕಂಪ್ಯೂಟರು ಗಂಡೋ ಹೆಣ್ಣೋ ಎಂದು ಬಹುಮಟ್ಟಿಗೆ ಊಹಿಸಬಲ್ಲದು, ನಿಜ. ಆದರೆ ಎದುರಿಗಿರುವ ವ್ಯಕ್ತಿ ತನ್ನನ್ನು ಏನೆಂದು ತಿಳಿದಿದ್ದಾರೆ ಎಂಬುದನ್ನು ಆ ಲೆಕ್ಕ ಹೇಳದು.

ತಪ್ಪು ಕಲ್ಪನೆ 4: ‘ಗುಲಾಬಿ ಹುಡುಗಿಯರದು, ನೀಲಿ ಹುಡುಗರದು. ಇದು ಸಹಜ.’

ಸತ್ಯ: ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋ ಪಾವೊಲೆಟ್ಟಿ ಈ ಕುರಿತು 2012ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. 1918ರಲ್ಲಿ ಅಮೆರಿಕದ ಬಟ್ಟೆ ವ್ಯಾಪಾರದ ಪತ್ರಿಕೆಯೊಂದು ಹುಡುಗರಿಗೆ ಗುಲಾಬಿ, ಹುಡುಗಿಯರಿಗೆ ನೀಲಿ ಎಂದು ಸಲಹೆ ಕೊಟ್ಟಿತ್ತು. ಮುಂದೆ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎಳವೆಯಲ್ಲಿ ಲಂಗ ತೊಟ್ಟು ಉದ್ದ ಕೂದಲು ಬಿಟ್ಟ ಫೋಟೊ ಇದೆ. ಆ ಕಾಲಕ್ಕೆ ಅದು ವಾಡಿಕೆ.

ತಪ್ಪು ಕಲ್ಪನೆ 5: ‘ಇದು ಮನೋರೋಗ.’

ಸತ್ಯ: ಅಮೆರಿಕದ ಮನೋವೈದ್ಯರ ಸಂಘ 2013ರಲ್ಲೇ ತನ್ನ ಕೈಪಿಡಿಯಿಂದ ‘ಲಿಂಗ ಗುರುತಿನ ಅಸ್ವಸ್ಥತೆ’ ಎಂಬುದನ್ನು ತೆಗೆಯಿತು, ಗುರುತಿನಿಂದಾಗಿ ಅನುಭವಿಸುವ ತೀವ್ರ ಸಂಕಟವನ್ನು ಮಾತ್ರ ಉಳಿಸಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ಪಟ್ಟಿಯಲ್ಲೂ ಇದು ಮನೋರೋಗಗಳ ಅಧ್ಯಾಯದಲ್ಲಿಲ್ಲ. ಹದಿಹರೆಯದವರಿಗೆ ಯಾವ ಚಿಕಿತ್ಸೆ, ಯಾವಾಗ ಎಂಬ ವಾದ ಮಾತ್ರ ಮುಗಿದಿಲ್ಲ. ಜಾರ್ಜಿಯಾ, ನಾರ್ತ್ ಕೆರೊಲಿನಾ 2023ರಲ್ಲಿ, ಸೌತ್ ಕೆರೊಲಿನಾ 2024ರಲ್ಲಿ ಅಪ್ರಾಪ್ತರ ಚಿಕಿತ್ಸೆಗೆ ನಿರ್ಬಂಧ ಹೇರಿವೆ.

ತಪ್ಪು ಕಲ್ಪನೆ 6: ‘ಅಮೆರಿಕದಲ್ಲಿ ಎಲ್ಲದಕ್ಕೂ ಅವಕಾಶ ಉಂಟು.’

ಸತ್ಯ: ಊರು ಬದಲಾದರೆ ಕಾನೂನೂ ಬದಲು. ವಾಷಿಂಗ್ಟನ್ ಡಿಸಿ 2017ರಲ್ಲಿ, ಮೇರಿಲ್ಯಾಂಡ್ 2019ರಲ್ಲಿ, ವರ್ಜೀನಿಯಾ 2020ರಲ್ಲಿ ಡ್ರೈವಿಂಗ್ ಲೈಸೆನ್ಸಿನಲ್ಲಿ ಗಂಡು, ಹೆಣ್ಣಿನ ಜೊತೆಗೆ ‘ಎಕ್ಸ್’ ಗುರುತು ಕೊಡತೊಡಗಿದವು. ಜಾರ್ಜಿಯಾ, ಕೆರೊಲಿನಾಗಳಲ್ಲಿ ಅದಿಲ್ಲ. ಸರ್ಕಾರಿ ಕಟ್ಟಡಗಳಲ್ಲಿ ಜನನ ಪ್ರಮಾಣಪತ್ರದಲ್ಲಿರುವ ಲಿಂಗದ ಶೌಚಾಲಯವನ್ನೇ ಬಳಸಬೇಕೆಂದು 2016ರಲ್ಲಿ ನಾರ್ತ್ ಕೆರೊಲಿನಾ ಕಾನೂನು ಮಾಡಿದಾಗ ಎನ್‌ಬಿಎ ತನ್ನ ಆಲ್‌ಸ್ಟಾರ್ ಪಂದ್ಯವನ್ನು ಷಾರ್ಲಟ್‌ನಿಂದ ಎತ್ತಂಗಡಿ ಮಾಡಿತು. ಮರುವರ್ಷ ಆ ನಿಯಮ ರದ್ದಾಯಿತು. ಅಟ್ಲಾಂಟಾ ಪಕ್ಕದ ಕ್ಲೇಟನ್ ಕೌಂಟಿಯ ನೌಕರ ಜೆರಾಲ್ಡ್ ಬೋಸ್ಟಾಕ್ ಹೂಡಿದ ದಾವೆಯಲ್ಲಿ, ಗೇ ಅಥವಾ ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯಕೂಡದೆಂದು 2020ರ ಜೂನ್ 15ರಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಬಂದ ಅಧ್ಯಕ್ಷರ ಆದೇಶದಿಂದ ಪಾಸ್‌ಪೋರ್ಟಿನಲ್ಲಿ ‘ಎಕ್ಸ್’ ನಿಂತಿತು.

ಸರಾಸರಿ ಎಂಬುದು ಗುಂಪಿನ ಲೆಕ್ಕ, ಕಾನೂನು ಎಂಬುದು ಸರ್ಕಾರದ ಲೆಕ್ಕ. ಮನೆಯ ಮಗು ತನ್ನ ಬಗ್ಗೆ ಏನಾದರೂ ಹೇಳಿದಾಗ ಇವೆರಡರಲ್ಲಿ ಯಾವುದೂ ಉತ್ತರವಾಗದು. ಊಟದ ಪಂಕ್ತಿಯಲ್ಲಿ ಕೇಳಿದ್ದನ್ನು ಅಲ್ಲೇ ಬಿಡಿ; ಮಗು ಹೇಳಿದ್ದನ್ನು ಪೂರ್ತಿ ಕೇಳಿ. ಸಂಕಟ ಕಂಡರೆ ವಿಷಯ ಬಲ್ಲ ವೈದ್ಯರ ಬಳಿ ಜೊತೆಯಾಗಿ ಹೋಗಿ.