ಎಂಜಿನ್ನಿನ ತಲೆಯನ್ನು ತೆರೆದಾಗ

ಪೆಟ್ರೋಲ್ ಎಂಜಿನ್ನಿನ ಭಾಗಗಳಲ್ಲಿ ಅತ್ಯಂತ ಕಠಿನವಾದ ಬಾಳನ್ನು ಬಾಳುವ ಭಾಗ ಯಾವುದು? ಏರಿಳಿಯುವ ಪಿಸ್ಟನ್ನು, ತಿರುಗುವ ಕ್ರ್ಯಾಂಕ್ ದಂಡ ಇವೇ ಮೊದಲು ಮನಸ್ಸಿಗೆ ಬರುವುದರಿಂದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಇವುಗಳ ಹೆಸರನ್ನೇ ಹೇಳುತ್ತಾರೆ. ಸಿಲಿಂಡರುಗಳ ಮೇಲೆ ಅಲುಗಾಡದೆ ಕುಳಿತಿರುವ ಮುಚ್ಚಳದ, ಎಂದರೆ ಸಿಲಿಂಡರ್ ಹೆಡ್ಡಿನ, ಕಡೆಗೆ ಗಮನ ಹರಿಯುವುದು ಕಡಿಮೆ. ಆದರೆ ಅದರ ಕೆಳಮೈಗೆ ತಗಲುವ ಜ್ವಾಲೆಯ ಉಷ್ಣತೆ ಕ್ಷಣಕಾಲ ೨೦೦೦ ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಬೀಡುಕಬ್ಬಿಣವು ಸುಮಾರು ೧೨೦೦ ಡಿಗ್ರಿಯಲ್ಲಿಯೂ ಅಲ್ಯೂಮಿನಿಯಮ್ ೬೬೦ ಡಿಗ್ರಿಯಲ್ಲಿಯೂ ಕರಗುವುದೆಂಬುದನ್ನು ನೆನೆದರೆ, ಹೆಡ್ಡು ಉಳಿಯುವುದೇ ಒಂದು ವಿಸ್ಮಯ. ಉಳಿಯಲು ಕಾರಣ, ಆ ಜ್ವಾಲೆಯಿಂದ ಕೆಲವೇ ಮಿಲಿಮೀಟರ್ ಆಚೆಗೆ ಲೋಹದ ಗೋಡೆಯ ಮರೆಯಲ್ಲಿ ಹರಿಯುತ್ತಿರುವ ನೀರು.

೨೦೧೪ರಲ್ಲಿ ತಯಾರಿಕೆ ನಿಂತುಹೋದರೂ ನಮಗೆಲ್ಲ ಚಿರಪರಿಚಿತವಾಗಿರುವ ಅಂಬಾಸಿಡರ್ ಕಾರಿನ ೧೪೮೯ ಘನ ಸೆಂಟಿಮೀಟರ್ ಪೆಟ್ರೋಲ್ ಎಂಜಿನ್ನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಸಿಲಿಂಡರಿನ ವ್ಯಾಸ ೭೩ ಮಿಲಿಮೀಟರ್. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ೪೨ ಚದರ ಸೆಂಟಿಮೀಟರ್. ದಹನದ ಒತ್ತಡವನ್ನು ಚದರ ಸೆಂಟಿಮೀಟರಿಗೆ ೪೦ ಕಿಲೋಗ್ರಾಂ ಎಂದು ಇಟ್ಟುಕೊಂಡರೆ, ಪ್ರತಿಯೊಂದು ದಹನವೂ ಹೆಡ್ಡನ್ನು ೧೬೮೦ ಕಿಲೋಗ್ರಾಂ ಭಾರದಷ್ಟು ಬಲದಿಂದ ಮೇಲಕ್ಕೆ ನೂಕುತ್ತದೆ. ಇದು ಆ ಕಾರಿನ ತೂಕಕ್ಕಿಂತಲೂ ಹೆಚ್ಚು. ನಿಮಿಷಕ್ಕೆ ೩೦೦೦ ಸುತ್ತಿನ ವೇಗದಲ್ಲಿ ಇಂತಹ ಹೊಡೆತ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ ೨೫ ಸಲ ಬೀಳುತ್ತದೆ. ಹೆಡ್ಡಿನಲ್ಲಿ ಕಣ್ಣಿಗೆ ಕಾಣದ ಒಂದು ಬಿರುಕಿದ್ದರೆ, ಅಥವಾ ಅದರ ಮೈ ಕಾಗದದ ಹಾಳೆಯ ದಪ್ಪದಷ್ಟು ಬಾಗಿದ್ದರೆ, ಅನಿಲವು ಅಲ್ಲಿಯೇ ದಾರಿ ಹುಡುಕುತ್ತದೆ. ಅದನ್ನು ಕಾಣದೆ ಮತ್ತೆ ಜೋಡಿಸಿದರೆ, ಹೊಸ ಗ್ಯಾಸ್ಕೆಟ್ಟು, ಎರಡು ದಿನದ ಕೂಲಿ, ಬಾಡಿಗೆ ಕಾರಿನವನ ಸಂಪಾದನೆ ಎಲ್ಲವೂ ಒಂದೇ ಘಟ್ಟದ ಏರಿನಲ್ಲಿ ವ್ಯರ್ಥವಾಗುತ್ತವೆ.

ಹೆಡ್ಡನ್ನು ಬಿಚ್ಚುವುದು ಎಂಜಿನ್ನು ಪೂರ್ತಿ ತಣಿದ ಮೇಲೆಯೇ. ತಿರುಪುಗಳನ್ನು ಅಂಚಿನಿಂದ ನಡುವಿಗೆ, ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಮರಳಿ ಬಿಗಿಯುವಾಗ ನಡುವಿನಿಂದ ಅಂಚಿಗೆ. ಕಳಚಿದೊಡನೆ ಕುಂಚವನ್ನೂ ಸೀಮೆಎಣ್ಣೆಯನ್ನೂ ಕೈಗೆ ತೆಗೆದುಕೊಳ್ಳುವುದು ನಮ್ಮಲ್ಲಿ ಬಹುಮಂದಿಯ ಅಭ್ಯಾಸ. ಇದು ಸಲ್ಲದು. ರೋಗಿಯ ನಾಲಿಗೆಯನ್ನು ನೋಡುವ ಮೊದಲೇ ಬಾಯಿ ಮುಕ್ಕಳಿಸಲು ಹೇಳುವ ವೈದ್ಯನುಂಟೇ? ದಹನಕೋಷ್ಠದ ಮಸಿಯಲ್ಲಿ ಎಂಜಿನ್ನಿನ ಚರಿತ್ರೆಯೇ ಬರೆದಿರುತ್ತದೆ. ತಿಳಿಕಂದು ಬಣ್ಣದ ತೆಳುವಾದ ಲೇಪ ಆರೋಗ್ಯದ ಗುರುತು. ಒಣಗಿದ, ಮೃದುವಾದ ಕಪ್ಪು ಮಸಿಯಿದ್ದರೆ ಪೆಟ್ರೋಲಿನ ಪಾಲು ಗಾಳಿಗೆ ಹೋಲಿಸಿದರೆ ಹೆಚ್ಚಾಗಿದೆ. ಜಿಡ್ಡಾಗಿ ಹೊಳೆಯುವ ಕಪ್ಪಿದ್ದರೆ ಪಿಸ್ಟನ್ ಬಳೆಗಳನ್ನೋ ಕವಾಟದ ದಂಡವನ್ನೋ ದಾಟಿ ಎಣ್ಣೆ ಒಳನುಗ್ಗುತ್ತಿದೆ. ಎರಡು ಕೋಷ್ಠಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ ಕಪ್ಪು ಗೆರೆ ಹಾದುಹೋಗಿದ್ದರೆ ಗ್ಯಾಸ್ಕೆಟ್ಟು ಅಲ್ಲಿಯೇ ಸೋತಿದೆ. ಇನ್ನೊಂದು ಗುರುತು ಅನನುಭವಿಯನ್ನು ಮೋಸಗೊಳಿಸುವಂತಹುದು. ನಾಲ್ಕು ಕೋಷ್ಠಗಳಲ್ಲಿ ಮೂರು ಕಪ್ಪಾಗಿದ್ದು ಒಂದು ಮಾತ್ರ ಉಜ್ಜಿ ತೊಳೆದಂತೆ ಶುಭ್ರವಾಗಿದ್ದರೆ, ಸಂತೋಷಪಡಬೇಕಾದುದಿಲ್ಲ. ಅದರೊಳಕ್ಕೆ ನೀರು ಸೋರಿ, ಉಗಿಯಾಗಿ, ಮಸಿಯನ್ನು ಕಿತ್ತುಹಾಕಿದೆ. ಬಿರುಕನ್ನು ಮೊದಲು ಹುಡುಕಬೇಕಾದ ಸ್ಥಳ ಅದೇ. ಎಲ್ಲವನ್ನೂ ಮೊದಲೇ ತೊಳೆದಿದ್ದರೆ ಈ ಸಾಕ್ಷ್ಯ ಎಲ್ಲಿ ಸಿಕ್ಕೀತು?

ಇನ್ನು ಕಿಟ್ಟವನ್ನು ತೆಗೆಯುವುದು ಏಕೆ ಅಗತ್ಯವೆಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ನಮ್ಮ ಎಂಜಿನ್ನಿನ ಒಂದು ಸಿಲಿಂಡರಿನಲ್ಲಿ ಪಿಸ್ಟನ್ನು ಗುಡಿಸುವ ಗಾತ್ರ ೩೭೨ ಘನ ಸೆಂಟಿಮೀಟರ್. ಸಂಪೀಡನ ಪ್ರಮಾಣ ೭ ಎಂದಾದರೆ ಮೇಲೆ ಉಳಿಯುವ ಅವಕಾಶ ೬೨ ಘನ ಸೆಂಟಿಮೀಟರ್. ಕಿಟ್ಟವು ಇದರಲ್ಲಿ ೫ ಘನ ಸೆಂಟಿಮೀಟರನ್ನು ಆಕ್ರಮಿಸಿತೆನ್ನಿ. ಆಗ ಪ್ರಮಾಣವು ೪೨೯ನ್ನು ೫೭ರಿಂದ ಭಾಗಿಸಿದಷ್ಟು, ಎಂದರೆ ಸುಮಾರು ೭.೫ ಆಗುತ್ತದೆ. ಸಂಪೀಡನ ಹೆಚ್ಚಿದರೆ ದಕ್ಷತೆ ಹೆಚ್ಚುವುದಲ್ಲವೇ ಎಂದು ಪಠ್ಯಪುಸ್ತಕ ಓದಿದವರು ಕೇಳಬಹುದು. ಪ್ರಶ್ನೆ ಸರಿಯೇ. ಆದರೆ ಕಿಟ್ಟವು ಶಾಖವನ್ನು ಸುಲಭವಾಗಿ ಬಿಟ್ಟುಕೊಡುವ ವಸ್ತುವಲ್ಲ. ಅದರ ಮೊನೆಗಳು ಕೆಂಡದಂತೆ ಕಾದು, ಕಿಡಿ ಹಾರುವ ಮೊದಲೇ ಮಿಶ್ರಣವನ್ನು ಹೊತ್ತಿಸಬಲ್ಲವು. ಏರುದಾರಿಯಲ್ಲಿ ಕೇಳಿಬರುವ ಟಕಟಕ ಬಡಿತಕ್ಕೆ ಹಲವು ವೇಳೆ ಈ ಕಿಟ್ಟವೇ ಕಾರಣ.

ಶುದ್ಧಿ ಮಾಡುವಾಗ ಲೋಹ ಯಾವುದೆಂದು ತಿಳಿದಿರಲೇಬೇಕು. ಅಂಬಾಸಿಡರಿನ ಈ ಹೆಡ್ಡು ಬೀಡುಕಬ್ಬಿಣದ್ದು. ಅದನ್ನು ತಂತಿಯ ಕುಂಚದಿಂದ ಉಜ್ಜಬಹುದು, ಕಾಸ್ಟಿಕ್ ಸೋಡಾದ ಬಿಸಿನೀರಿನಲ್ಲಿ ಅದ್ದಬಹುದು. ಅದೇ ತೊಟ್ಟಿಯಲ್ಲಿ ಅಲ್ಯೂಮಿನಿಯಮ್ ಹೆಡ್ಡನ್ನು ಮುಳುಗಿಸಿದರೆ ಜಲಜನಕದ ಗುಳ್ಳೆಗಳು ಭೋರೆಂದು ಏಳುತ್ತವೆ. ಲೋಹವೇ ಕರಗಿ ಅಲ್ಯೂಮಿನೇಟಾಗಿ ನೀರು ಸೇರುತ್ತದೆ. ಸಾವಿರಾರು ರೂಪಾಯಿಯ ವಸ್ತು ಹೀಗೆ ಹಾಳಾಗುವುದಕ್ಕೆ ಕಾಲೇಜಿನ ಮೊದಲ ವರ್ಷದ ರಸಾಯನಶಾಸ್ತ್ರದ ಅಜ್ಞಾನವೊಂದೇ ಸಾಕು. ಅಲ್ಯೂಮಿನಿಯಮ್ ಹೆಡ್ಡಿಗೆ ಮರದ ಚಕ್ಕೆ, ಸೀಮೆಎಣ್ಣೆ, ತಾಳ್ಮೆ ಇಷ್ಟೇ ಯೋಗ್ಯವಾದ ಸಾಧನಗಳು.

ಕೆಲಸಗಾರನ ಶ್ವಾಸಕೋಶವೂ ಇಲ್ಲಿ ಗಣನೆಗೆ ಬರಬೇಕು. ಹಳೆಯ ಗ್ಯಾಸ್ಕೆಟ್ಟುಗಳು ತಾಮ್ರದ ಎರಡು ತಗಡುಗಳ ನಡುವೆ ಕಲ್ನಾರನ್ನು ಇಟ್ಟು ಮಾಡಿದವು. ಅವುಗಳ ಅವಶೇಷವನ್ನು ಒಣಗಿದಂತೆಯೇ ಕೆರೆದು ಊದಿದರೆ ಏಳುವ ಧೂಳು ದಶಕಗಳ ನಂತರ ಕ್ಯಾನ್ಸರನ್ನು ತರಬಲ್ಲದು. ನೆನೆಸಿ, ಒದ್ದೆಯಾಗಿರುವಾಗಲೇ ಕೆರೆಯಬೇಕು; ಬಾಯಿಂದಾಗಲಿ ಗಾಳಿಯ ಕೊಳವೆಯಿಂದಾಗಲಿ ಊದಲೇಬಾರದು.

ಶುಭ್ರವಾದ ಹೆಡ್ಡಿನ ಮೈ ಸಮವಾಗಿದೆಯೇ ಎಂಬುದು ಮುಂದಿನ ಪರೀಕ್ಷೆ. ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡು ಕರ್ಣಗಳ ಗುಂಟ ಇಟ್ಟು, ಕೆಳಗಿನ ಸಂದಿಯಲ್ಲಿ ಫೀಲರ್ ಗೇಜಿನ ಎಲೆಯನ್ನು ತೂರಿಸಿ ನೋಡುತ್ತಾರೆ. ಸಾಮಾನ್ಯವಾಗಿ ೦.೧ ಮಿಲಿಮೀಟರಿಗಿಂತ ದಪ್ಪನಾದ ಎಲೆ ತೂರಿದರೆ ಹೆಡ್ಡನ್ನು ಯಂತ್ರದಲ್ಲಿ ಹೆರೆಸಬೇಕು. ಈ ಬಾಗು ಅಲ್ಯೂಮಿನಿಯಮ್ ಹೆಡ್ಡುಗಳಲ್ಲಿ ಹೆಚ್ಚು. ೪೦೦ ಮಿಲಿಮೀಟರ್ ಉದ್ದದ ಅಲ್ಯೂಮಿನಿಯಮ್ ಹೆಡ್ಡು ೮೦ ಡಿಗ್ರಿ ಬಿಸಿಯೇರಿದಾಗ ಸುಮಾರು ೦.೭೪ ಮಿಲಿಮೀಟರ್ ಹಿಗ್ಗುತ್ತದೆ. ಕೆಳಗಿರುವ ಬೀಡುಕಬ್ಬಿಣದ ದೇಹ ಹಿಗ್ಗುವುದು ೦.೩೫ ಮಾತ್ರ. ನೀರು ಕುದಿದು ಬರಿದಾದ ಎಂಜಿನ್ನಿನಲ್ಲಿ ಬಿಸಿ ಇನ್ನೂ ಏರಿ ಲೋಹ ಮೆತ್ತಗಾಗುತ್ತದೆ. ಹಿಗ್ಗಲು ತಿರುಪುಗಳು ಬಿಡುವುದಿಲ್ಲ; ಒಳಗೊಳಗೇ ನಲುಗಿದ ಹೆಡ್ಡು ತಣಿದಾಗ ಬಾಗಿ ನಿಲ್ಲುತ್ತದೆ.

ಬೀಡುಕಬ್ಬಿಣ ಬಾಗುವುದಕ್ಕಿಂತ ಬಿರಿಯುವುದೇ ಹೆಚ್ಚು. ಘಟ್ಟದ ನಡುವೆ ಕುದಿಯುವ ಎಂಜಿನ್ನಿಗೆ ಹಳ್ಳದ ತಣ್ಣೀರನ್ನು ಒಮ್ಮೆಲೇ ಸುರಿಯುವುದು ಬಿರುಕನ್ನು ಕೈಯಾರೆ ಆಹ್ವಾನಿಸಿದಂತೆ. ಎರಡು ಕವಾಟಪೀಠಗಳ ನಡುವಿನ ಸೇತುವೆಯಂತಹ ಭಾಗವೇ ಅದಕ್ಕೆ ಮೆಚ್ಚಿನ ತಾಣ. ಅಂಬಾಸಿಡರಿನ ಈ ಹೆಡ್ಡಿನಲ್ಲಿ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಹೊಗೆಗೆ ಒಂದೇ ದ್ವಾರ. ಆ ನಡುಭಾಗವನ್ನು ವಿಶೇಷವಾಗಿ ನೋಡಬೇಕು.

ಕಣ್ಣಿಗೆ ಕಾಣದ ಬಿರುಕನ್ನು ಕಾಣಿಸುವ ಉಪಾಯ ನನಗೆ ಬಹಳ ಪ್ರಿಯವಾದುದು. ಲೋಮನಾಳಾಕರ್ಷಣೆಗೆ ಇದಕ್ಕಿಂತ ಸೊಗಸಾದ ಪ್ರಯೋಗ ಪ್ರಯೋಗಶಾಲೆಯಲ್ಲಿಯೂ ಸಿಗದು. ಹೆಡ್ಡನ್ನು ಸೀಮೆಎಣ್ಣೆಯಲ್ಲಿ ಕೆಲವು ಗಂಟೆ ನೆನೆಸಿ, ಮೈಯನ್ನು ಚೆನ್ನಾಗಿ ಒರಸಿ, ಸ್ಪಿರಿಟ್ಟಿನಲ್ಲಿ ಕಲಸಿದ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಬಳಿಯಿರಿ. ಸೀಮೆಎಣ್ಣೆಯ ಮೇಲ್ಮೈ ಎಳೆತ ನೀರಿನದರ ಅರ್ಧಕ್ಕಿಂತಲೂ ಕಡಿಮೆ. ಅದು ಲೋಹವನ್ನು ಚೆನ್ನಾಗಿ ತೋಯಿಸುವುದರಿಂದ ಅತಿ ಸಣ್ಣ ಸೀಳಿನೊಳಕ್ಕೂ ಇಳಿದಿರುತ್ತದೆ. ಸೀಮೆಸುಣ್ಣದ ಕಣಗಳ ನಡುವಿನ ಸಂದುಗಳು ಆ ಸೀಳಿಗಿಂತಲೂ ಕಿರಿದು. ಆದ್ದರಿಂದ ಅವು ಎಣ್ಣೆಯನ್ನು ಹೊರಕ್ಕೆ ಹೀರುತ್ತವೆ. ಬಿಳಿಯ ಮೈಯ ಮೇಲೆ ಕಪ್ಪು ಗೆರೆಯೊಂದು ನಿಧಾನವಾಗಿ ಮೂಡುತ್ತದೆ. ಇಂದಿನ ಕೆಂಪು ಬಣ್ಣದ ದ್ರವಗಳು ಇದೇ ತತ್ತ್ವದ ಸುಧಾರಿತ ರೂಪಗಳು. ಕಬ್ಬಿಣದ ಹೆಡ್ಡನ್ನು ಕಾಂತೀಕರಿಸಿ ಕಬ್ಬಿಣದ ಹುಡಿ ಉದುರಿಸಿಯೂ ಬಿರುಕನ್ನು ಪತ್ತೆಮಾಡಬಹುದು. ಅಲ್ಯೂಮಿನಿಯಮ್ಮಿಗೆ ಅದು ನಡೆಯದು.

ಉಳಿದುದು ಕವಾಟಗಳು. ಹೊಗೆಯ ಕವಾಟವು ಕೆಂಪಗೆ ಕಾಯುತ್ತದೆ. ಆ ಶಾಖ ಬಹುಮಟ್ಟಿಗೆ ತನ್ನ ಪೀಠದ ಮೂಲಕವೇ ಹೆಡ್ಡಿಗೆ ಹರಿಯಬೇಕು. ಹಿಂದೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಸಂಯುಕ್ತವು ಪೀಠದ ಮೇಲೆ ತೆಳುವಾದ ಮೆತ್ತೆಯಂತೆ ಕುಳಿತು ಲೋಹ ಲೋಹಕ್ಕೆ ಅಂಟದಂತೆ ಕಾಪಾಡುತ್ತಿತ್ತು. ಸೀಸ ಮನುಷ್ಯರಿಗೆ, ಅದರಲ್ಲಿಯೂ ಮಕ್ಕಳಿಗೆ, ವಿಷವಾದುದರಿಂದ ೨೦೦೦ದಿಂದ ಭಾರತದಲ್ಲಿ ಸೀಸರಹಿತ ಪೆಟ್ರೋಲನ್ನೇ ಮಾರಲಾಗುತ್ತಿದೆ. ಒಳ್ಳೆಯದೇ ಆಯಿತು. ಆದರೆ ಬೀಡುಕಬ್ಬಿಣದಲ್ಲಿಯೇ ಪೀಠವನ್ನು ಕೊರೆದಿರುವ ಹಳೆಯ ಹೆಡ್ಡುಗಳಲ್ಲಿ ಪೀಠ ಸವೆದು, ಕವಾಟವು ಮೇಲಕ್ಕೆ ಸರಿದು, ಅದರ ದಂಡಕ್ಕೂ ರಾಕರ್ ತೋಳಿಗೂ ಇರಬೇಕಾದ ಎಡೆ ಕಿರಿದಾಗುತ್ತ ಹೋಗುತ್ತದೆ. ಎಡೆ ಇಲ್ಲವಾದರೆ ಕವಾಟ ಪೂರ್ತಿ ಮುಚ್ಚದು, ಶಾಖ ಹರಿಯದು, ಅಂಚು ಸುಟ್ಟುಹೋಗುತ್ತದೆ. ಅಂತಹ ಪೀಠವನ್ನು ಕಡೆದು ಗಟ್ಟಿ ಉಕ್ಕಿನ ಬಳೆಯನ್ನು ಕೂರಿಸುವುದೇ ಪರಿಹಾರ.

ಪೀಠ ಚೆನ್ನಾಗಿದ್ದರೆ ಕವಾಟವನ್ನು ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಹಿಂದೆ ಮುಂದೆ ತಿರುಗಿಸುತ್ತ ಅರೆದು, ಸುತ್ತಲೂ ಮಾಸಲು ಬೂದುಬಣ್ಣದ ಅಖಂಡ ಉಂಗುರ ಮೂಡಿದ ಮೇಲೆ ಪೇಸ್ಟಿನ ಕಣವೊಂದೂ ಉಳಿಯದಂತೆ ತೊಳೆಯಬೇಕು. ಬಳಿಕ ಸ್ಪ್ರಿಂಗು ಮತ್ತು ಪ್ಲಗ್ಗುಗಳನ್ನು ಜೋಡಿಸಿ, ಹೆಡ್ಡನ್ನು ಮಗುಚಿಟ್ಟು, ಒಂದೊಂದು ಕೋಷ್ಠಕ್ಕೂ ಸೀಮೆಎಣ್ಣೆ ತುಂಬಿ, ದ್ವಾರಗಳೊಳಗೆ ದೀಪ ಹಿಡಿದು ನೋಡಬೇಕು. ವಿದ್ಯುತ್ ದೀಪ, ಬೆಂಕಿಯದಲ್ಲ. ಕಾಲುಗಂಟೆಯಾದರೂ ಒಳಗೆ ಒಣಗಿದ್ದರೆ ಆ ಕವಾಟ ಸಿದ್ಧ. ತೇವ ಕಂಡರೆ ಅದನ್ನು ಬಿಚ್ಚಿ ಮತ್ತೆ ಅರೆಯಬೇಕು.